ಹಳ್ಳ ಮುಚ್ಚಿ ಹೊಳೆದಂಡೆ ಮಾರುವವರಿಗೆ

ಬಡಾವಣೆ ಮಾಲೀಕರಿಗೆ ಮೊಳಕಾಲ್ಮೂರಿನ ಒಬ್ಬ ಮಗ್ಗದವನ ಶರಣು.

‘ಸಾಹೇಬ್ರು ದಾರೀಲಿದ್ದಾರೆ’ ಅನ್ನೋ ಮಾತು ನಂಬಿ ನಿನ್ನೆ ಚಳ್ಳಕೆರೆಯ ನಿಮ್ಮ ಸೈಟ್ ಆಫೀಸಿನಲ್ಲಿ ಊಟದ ಹೊತ್ತು ಮೀರುವ ತನಕ ತಗಡಿನ ಶೀಟಿನ ಕೆಳಗೆ ಬೆಂದೆ. ನೀವು ಬರಲಿಲ್ಲ. ಬೇರೆ ಕೆಲಸವಿಲ್ಲದೆ ನಿಮ್ಮ ಬ್ರೋಷರ್ ಪೂರ್ತಿ ಓದಿದೆ. ಹಳೇ ಎಣ್ಣೆ ಮಿಲ್ಲಿನ ಜಾಗದಲ್ಲಿ ‘ಸುಸ್ಥಿರ ಜಲತೀರ ಬಡಾವಣೆ’! ಮನೆಗಳ ಮುಂದೆ ನೀಲಿ ನೀರು, ನೀರಲ್ಲೊಂದು ದೋಣಿ, ದೋಣಿಯಲ್ಲಿ ಟೋಪಿ ಹಾಕಿದ ಹೆಂಗಸು. ಆಯಮ್ಮ ಯಾವ ಊರಿನವರು ಸ್ವಾಮಿ?

ಒಂದು ಕಾಲಕ್ಕೆ ಮುಂಬೈ ಬಿಟ್ಟರೆ ಚಳ್ಳಕೆರೆಯೇ ಎಣ್ಣೆ ಪೇಟೆ ಅಂತಿದ್ದರು. ಮಳೆಯಿಲ್ಲದೆ ಶೇಂಗಾ ಸೊರಗಿತು. 1994ರಲ್ಲಿ ಆಮದಿಗೆ ಬಾಗಿಲು ತೆರೆದ ಮೇಲೆ ಪಾಮೆಣ್ಣೆ ಹಡಗಿನಲ್ಲಿ ಬಂತು, ಇಲ್ಲಿ ಮಿಲ್ಲುಗಳು ಬಾಗಿಲು ಹಾಕಿದವು. ನಮ್ಮ ಸೀಮೆಗೂ ಹಡಗಿಗೂ ಇರುವ ನಂಟು ಅಷ್ಟೇ. ಇನ್ನು ದೋಣಿ ನಿಮ್ಮ ಕೊಡುಗೆ.

ಸ್ಟಾಕ್‌ಹೋಮಿನ ಹಮ್ಮರ್ಬಿ ಬಡಾವಣೆ ಥರ ಕಟ್ತೀವಿ ಅಂತಲೂ ಬರೆದಿದ್ದೀರಿ. ಮಗ ಮೊಬೈಲಲ್ಲಿ ತೋರಿಸಿದ. ಅವರು ಬಂದರಿನ ಹಳೇ ಕಾರ್ಖಾನೆ ನೆಲದ ವಿಷ ತೆಗೆದು ಮನೆ ಕಟ್ಟಿದರಂತೆ. ಕಸವನ್ನು ಪೈಪಿನಲ್ಲಿ ಎಳ್ಕೊಳ್ತಾರಂತೆ, ಕೊಳಚೆಯಿಂದ ಗ್ಯಾಸ್ ತೆಗೀತಾರಂತೆ. ನೀವು? ಮಿಲ್ಲಿನ ಚಿಮಣಿ ಉರುಳಿಸಿ, ಆ ಇಟ್ಟಿಗೆ ಚೂರನ್ನೆಲ್ಲ ಪಕ್ಕದ ಹಳ್ಳಕ್ಕೆ ತುಂಬಿ, ಮೇಲೆ ಕೆಮ್ಮಣ್ಣು ಹರಡಿ, ಕಲ್ಲು ನೆಟ್ಟು ನಂಬರ್ ಬರೆದಿದ್ದೀರಿ. 41ನೇ ಸೈಟು ಸರಿಯಾಗಿ ಹಳ್ಳದ ನಡುವೆ ಇದೆ. ‘ಈಶಾನ್ಯ ಮೂಲೆ, ಬೇಗ ಹೋಗುತ್ತೆ’ ಅಂದ ನಿಮ್ಮ ಹುಡುಗ. ಈಶಾನ್ಯದಲ್ಲಿ ನೀರಿರಬೇಕು ಅಂತ ವಾಸ್ತು ಹೇಳುತ್ತಲ್ಲ, ಮಳೆಗಾಲದಲ್ಲಿ ಇರುತ್ತೆ ಬಿಡಿ, ನಡುಮನೆಯಲ್ಲೇ. ಆಗ ಆ ದೋಣಿ ಕಳಿಸಿಕೊಡಿ.

ಹಳ್ಳ ಒಣಗಿದೆ, ಇನ್ನೆಲ್ಲಿ ನೀರು ಅಂದುಕೊಂಡಿರಾ? ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ! ಅದು ಇನ್ನು ತುಂಬುವುದಿಲ್ಲ ಅಂದವರೆಲ್ಲ ಆ ದಿನ ಬಸ್ ಹಿಡಿದು ನೋಡಲು ಹೋದರು. ಹಾಗೇ ಈ ಹಳ್ಳಕ್ಕೂ ನೀರು ಬರುತ್ತೆ, ಆ ನೀರು ಕೆರೆಗೆ ಸೇರಬೇಕಾದ್ದು. ಕೆರೆ ತುಂಬಿದರೆ ತಾನೇ ಬೋರಲ್ಲಿ ನೀರು? ಈಗ ಬೋರು ಕೊರೆದರೆ ಫ್ಲೋರೈಡ್. ಹೆಂಗಸರು ಮಕ್ಕಳು ಐದು ರೂಪಾಯಿ ನಾಣ್ಯ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಸಾಲು ಹಚ್ಚಿದ್ದಾರೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ 2023ರ ಕೇಂದ್ರ ಬಜೆಟ್ಟಲ್ಲಿ ಕೇಳಿ ಚಪ್ಪಾಳೆ ತಟ್ಟಿದವರೂ ಅವರೇ. ಅಂಥವರ ಊರಲ್ಲಿ ನೀರಿನ ದಾರಿ ಮುಚ್ಚಿ ನೀರಿನ ಚಿತ್ರ ಮಾರ್ತೀರಲ್ಲ, ನಾಚಿಕೆ ಆಗಲ್ವಾ? ಥೂ!

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಐದು ಕೆರೆ ಕಟ್ಟಿಸಿದರು ಅಂತಾರೆ. ಒಂದಕ್ಕೂ ಬ್ರೋಷರ್ ಹೊಡೆಸಿರಲಿಲ್ಲ. ದೋಣಿಯೂ ಬಿಟ್ಟಿರಲಿಲ್ಲ.

ಹಳ್ಳದ ಮಣ್ಣು ತೆಗೆಸಿ, ಸರ್ವೆ ನಕ್ಷೆ ತಂದು ತೋರಿಸಿ, ಆಮೇಲೆ ಸೈಟಿನ ಮಾತು. ಅಲ್ಲೀತನಕ ನನ್ನ ಟೋಕನ್ ಹಣ ವಾಪಸ್ ಕಳಿಸಿ. ಚೆಕ್ ಬೇಡ, ನಗದೇ ಇರಲಿ. ಮಗ್ಗದ ಮೇಲಿನ ಹಾಸು ಮುಗೀತಾ ಬಂದಿದೆ, ರೇಷ್ಮೆ ತರಬೇಕು.