ಲಕಾರದ ಲಡಾಯಿ

ನಮ್ಮ ಬೀದಿಯಲ್ಲಿ ನಾನು ಇವತ್ತಿನವರೆಗೆ ಯಾರ ಜೊತೆಗೂ ಜಗಳ ಆಡಿದವನಲ್ಲ. ಬೀದಿಯಲ್ಲಿ, ಅಂದೆ. ಬೀದಿಯ ವಾಟ್ಸಾಪ್ ಗುಂಪಿನ ಮಾತು ಬೇರೆ. ಬೀದಿಯಲ್ಲಿ ಎದುರು ಸಿಕ್ಕವರಿಗೆಲ್ಲ ಹಲ್ಲು ಕಿರಿದು, ‘ತಿಂಡಿ ಆಯ್ತಾ?’ ಎಂದು ಕೇಳಿ, ಉತ್ತರ ಬರುವ ಮೊದಲೇ ಮುಂದೆ ಸಾಗುವ ಸಾಧು ಪ್ರಾಣಿ ನಾನು. ಅದೇ ನಾನು ರಾತ್ರಿ ಊಟ ಮುಗಿಸಿ, ಸೋಫಾದ ಮೂಲೆಯಲ್ಲಿ ಕಾಲು ಮಡಚಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಫೋನು ಕೈಗೆತ್ತಿಕೊಂಡೆನೆಂದರೆ, ‘ಶುರುವಾಯ್ತು ಬಯಲಾಟ’ ಅಂತ ನನ್ನ ಹೆಂಡತಿ ಟೀವಿಯ ಸದ್ದು ಎರಡು ಗೀಟು ಏರಿಸುತ್ತಾಳೆ.

ನಮ್ಮದು ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ. ನಮ್ಮ ಕ್ರಾಸಿನಲ್ಲಿರುವುದು ನಲವತ್ತೊಂದು ಮನೆ, ಗುಂಪಿನಲ್ಲಿರುವುದು 137 ಜನ. ಮನೆ ಮಾರಿಕೊಂಡು ಹೋದವರು, ಬಾಡಿಗೆಗೆ ಇದ್ದು ಬಿಟ್ಟವರು, ಅಮೆರಿಕದಿಂದಲೇ ನಮ್ಮ ಕಸದ ಗಾಡಿಯ ಸಮಯ ತಿಳಿದುಕೊಳ್ಳುವ ಮಕ್ಕಳು, ಯಾರೂ ಗುಂಪು ಬಿಟ್ಟು ಕದಲಿಲ್ಲ. ಹಾಗಂತ ಬಿಡುವುದೇನೂ ಕಷ್ಟವಲ್ಲ. 2022ರಿಂದೀಚೆಗೆ ಸದ್ದಿಲ್ಲದೆ ಜಾಗ ಖಾಲಿ ಮಾಡಬಹುದು, ಅಡ್ಮಿನ್ ಒಬ್ಬರಿಗೆ ಮಾತ್ರ ಸುದ್ದಿ ಹೋಗುತ್ತದೆ. ಆದರೆ ನಮ್ಮ ಅಡ್ಮಿನ್‌ಗೆ ತಿಳಿದದ್ದು ಹಾಲಿನ ಬೂತಿಗೆ ತಿಳಿಯುತ್ತದೆ. ಹಾಲಿನ ಬೂತಿಗೆ ತಿಳಿದ ಮೇಲೆ ಇನ್ನು ಯಾರಿಗೆ ತಿಳಿಯುವುದು ಬಾಕಿ?

ಅಡ್ಮಿನ್ ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಗುಂಪಿನ ಸದಸ್ಯರು ಹಾಕುವ ಮಾತಿಗೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದ್ದನ್ನು ಅವರು ಬೇರೆಯವರು ಸುಪ್ರಭಾತ ಹಾಕುವಷ್ಟೇ ಭಕ್ತಿಯಿಂದ ಆಗಾಗ ಹಾಕುತ್ತಿರುತ್ತಾರೆ. ಅದು ಬಂತೆಂದರೆ ಇವತ್ತು ಯಾರೋ ಇಬ್ಬರಿಗೆ ಹತ್ತಿಕೊಂಡಿದೆ ಎಂದು ತಿಳಿಯಬೇಕು.

ಹೊಸದಾಗಿ ಸೇರಿದವರಿಗೆ ಇಲ್ಲಿನ ಭಾಷೆ ಅಷ್ಟು ಸುಲಭಕ್ಕೆ ಅರ್ಥವಾಗದು. ನಾ. ಕಸ್ತೂರಿಯವರು ಇದ್ದಿದ್ದರೆ ತಮ್ಮ ‘ಅನರ್ಥಕೋಶ’ಕ್ಕೆ ಇನ್ನೊಂದು ಸಂಪುಟ ಸೇರಿಸುತ್ತಿದ್ದರು. ಕೈ ಮುಗಿದ ಚಿತ್ರ ಒಂದು ಬಂದರೆ ನಮಸ್ಕಾರ. ಎರಡು ಬಂದರೆ ‘ದಯವಿಟ್ಟು ಸಾಕು ಮಾಡಿ’. ಮೂರು ಬಂದರೆ ‘ನಿಮಗೊಂದು ದೊಡ್ಡ ನಮಸ್ಕಾರ’, ಅಂದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ಹೆಬ್ಬೆರಳು ಎತ್ತಿದರೆ ‘ನೋಡಿದೆ, ಓದಲಿಲ್ಲ’. ಹೂಗುಚ್ಛ ಬಂದರೆ ಯಾರದೋ ಹುಟ್ಟುಹಬ್ಬ, ಇಲ್ಲವೇ ಯಾರೋ ತೀರಿಕೊಂಡಿದ್ದಾರೆ. ಯಾವುದೆಂದು ತಿಳಿಯದೆ ನಾನು ಒಮ್ಮೆ ‘ನೂರ್ಕಾಲ ಬಾಳಿ’ ಎಂದು ಹಾಕಿ, ಹದಿಮೂರನೇ ದಿನದ ಊಟಕ್ಕೆ ಹೋಗಲು ಮುಖವಿಲ್ಲದೆ ಮನೆಯಲ್ಲೇ ಉಪ್ಪಿಟ್ಟು ತಿಂದೆ.

ಇನ್ನು ಮರ್ಯಾದೆಯ ವಿಷಯ. ಹೊರಗಿನವರು ಜಗಳದಲ್ಲಿ ಏಕವಚನಕ್ಕೆ ಇಳಿಯುತ್ತಾರೆ. ನಮ್ಮ ಗುಂಪಿನವರು ಬಹುವಚನಕ್ಕೆ ಏರುತ್ತಾರೆ. ‘ಏನ್ರೀ’ ಇದ್ದಷ್ಟು ಹೊತ್ತು ಭಯವಿಲ್ಲ, ಅದು ಸಲಿಗೆ. ‘ನೀವು’ ಬಂದಾಗ ಎಚ್ಚರ ಬೇಕು. ‘ತಾವು’ ಬಂತೋ, ಯುದ್ಧ ಘೋಷಣೆಯಾಯಿತು. ‘ತಮ್ಮಂಥ ತಿಳಿದವರು’ ಎಂಬ ಮಟ್ಟ ಮುಟ್ಟಿದ ಮೇಲೆ ಇಬ್ಬರಲ್ಲೊಬ್ಬರು ಬೆಳಗ್ಗೆ ವಾಕಿಂಗ್ ದಾರಿ ಬದಲಿಸುತ್ತಾರೆ. ಏಳನೇ ನಂಬರಿನ ಧಾರವಾಡದ ಸಾಹೇಬರೊಬ್ಬರಿಗೆ ಈ ನಿಯಮ ತಟ್ಟದು. ‘ತಲಿ ಐತೇನ್ರಿ ನಿಮಗ?’ ಎಂದು ಅವರು ಬರೆದರೆ, ಬೈಸಿಕೊಂಡವರೂ ಆ ‘ರಿ’ಗೆ ಮನಸೋತು ಹೃದಯದ ಚಿತ್ರ ಒತ್ತುತ್ತಾರೆ.

ಈ ‘ತಾವು’ ಎಂಬ ಅಸ್ತ್ರವನ್ನು ನಾನು ಮೊದಲು ಬಿಟ್ಟದ್ದು ಎದುರುಮನೆ ರಾಯರ ಮೇಲೆ, 2024ರ ಮಾರ್ಚಿನಲ್ಲಿ. ಊರೆಲ್ಲ ಟ್ಯಾಂಕರ್ ಹಿಂದೆ ಓಡುತ್ತಿದ್ದ ಬೇಸಿಗೆ ಅದು. ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಒಂದು ಬೆಳಗ್ಗೆ ನೋಡುತ್ತೇನೆ, ರಾಯರ ಗೇಟಿನ ಮುಂದೆ ನೀರು ತಿಳಿಯಾಗಿ, ತಣ್ಣಗೆ, ಹರಿಯುತ್ತಿದೆ! ಪಕ್ಕದಲ್ಲೇ ಅವರ ಕಾರು ನಿಂತಿದೆ. ಇನ್ನೇನು ಸಾಕ್ಷಿ ಬೇಕು? ಫೋಟೊ ತೆಗೆದು ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: ‘ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ತಮ್ಮ ಕಾರಿನ ಚಕ್ರದಲ್ಲಿ ಲೀನವಾಗಲಿ ಎಂಬುದು ಕೆಲವರ ಆಸೆ ಇರಬಹುದು. ದಂಡ ಎಷ್ಟು ಎಂಬುದು ತಮಗೆ ತಿಳಿಯದ್ದೇನಲ್ಲ.’

ಐದು ನಿಮಿಷದಲ್ಲಿ ಇಪ್ಪತ್ತೇಳು ಹೆಬ್ಬೆರಳು. ನನ್ನ ಶೈಲಿಗೆ ನಾನೇ ತಲೆದೂಗುತ್ತಿದ್ದೆ. ರಾಯರು ಒಂದೇ ಸಾಲು ಬರೆದರು: ‘ನೀರಿನ ಮೂಲ ಹುಡುಕಿ ಸ್ವಾಮಿ.’

ಏನೋ ವೇದಾಂತ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ತಾರಸಿಯಿಂದ ಹೆಂಡತಿಯ ಕೂಗು: ‘ರೀ, ಮೋಟಾರ್ ಆಫ್ ಮಾಡ್ರೀ! ಟ್ಯಾಂಕ್ ತುಂಬಿ ಅರ್ಧ ಗಂಟೆ ಆಯ್ತು, ನೀರೆಲ್ಲ ರಸ್ತೆ ಪಾಲಾಗ್ತಿದೆ!’

ಋಷಿಮೂಲ, ನದೀಮೂಲ ಹುಡುಕಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ಬೀದಿಯ ಆ ನದಿಯ ಮೂಲ ನನ್ನ ಸಿಂಟೆಕ್ಸ್ ಟ್ಯಾಂಕು. ಮೋಟಾರ್ ಹಾಕಿದವನೂ ನಾನೇ, ಮರೆತವನೂ ನಾನೇ. ನಾನು ಓಡಿ ಸ್ವಿಚ್ ಆರಿಸಿ ಬರುವಷ್ಟರಲ್ಲಿ ರಾಯರು ನಮ್ಮ ಓವರ್‌ಫ್ಲೋ ಪೈಪಿನ ವಿಡಿಯೊ ಹಾಕಿಯಾಗಿತ್ತು. ಗಂಗಾವತರಣದ ಹಾಗೆ ಕಾಣುತ್ತಿತ್ತು. ತಪ್ಪಾಯಿತು ಎಂದು ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು. ನಾನು ಬರೆದದ್ದು: ‘ನೀರು ಯಾರದು ಎಂಬುದಕ್ಕಿಂತ ನೀರಿನ ಉಳಿತಾಯದ ಅರಿವು ಮುಖ್ಯ.’ ಕೇರಳ ಹೈಕೋರ್ಟ್ ತೀರ್ಪು ಬಂತು. ಆಮೇಲೆ ಗುಂಪಿನಲ್ಲಿ ನನಗೂ ರಾಯರಿಗೂ ಮಾತಿಲ್ಲ.

ಒಂಬತ್ತು ತಿಂಗಳು ಕಳೆದು ಡಿಸೆಂಬರ್ ಬಂತು. ನಮ್ಮ ಗೇಟಿನ ಪಕ್ಕ ಮರಳಿನ ಗುಡ್ಡೆಯಲ್ಲಿ ಬೀದಿನಾಯಿಯೊಂದು ನಾಲ್ಕು ಮರಿ ಹಾಕಿತು. ಚಳಿಗೆ ನಡುಗುವ ಆ ಮರಿಗಳನ್ನು ಕಂಡು ಕರುಳು ಚುರ್ ಎಂದಿತು. ಗುಂಪಿಗೆ ನಾಲ್ಕು ಮಾತು ಬರೆಯೋಣ ಎಂದು ಹೊರಟೆ.

ಇಲ್ಲಿ ನನ್ನ ವೃತ್ತಿಯ ವಿಷಯ ಹೇಳಬೇಕು. ನಾನು ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ಅನ್ನ ತಿಂದವನು. ‘ಹಾಲು’ ‘ಹಾಳು’ ಆಗದಂತೆ, ಲಗ್ನಪತ್ರಿಕೆಯ ‘ಬಾಳಸಂಗಾತಿ’ಗೆ ಬಾಲ ಬೆಳೆಯದಂತೆ ಕಾದವನು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಬರೀ ‘ಎಲ್’ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ ಎಂದು ಹೊಸ ಹುಡುಗರ ಬೆರಳು ಹಿಡಿದು ಕಲಿಸಿದವನು. ಆದರೆ ಅವತ್ತು ಕೈಯಲ್ಲಿದ್ದದ್ದು ಮಗಳು ಕೊಡಿಸಿದ ಹೊಸ ಫೋನು. ಅದಕ್ಕೆ ಇನ್ನೂ ಕನ್ನಡ ಕೂರಿಸಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಿದೆ. ನನ್ನ ಮನಸ್ಸಿನಲ್ಲಿದ್ದದ್ದು ಇದು: ‘ನಮ್ಮ ಗೇಟಿನ ಹತ್ತಿರ ನಾಲ್ಕು ನಾಯಿಮರಿ ಇವೆ. ಚಳಿಯಲ್ಲಿ ಒದ್ದಾಡುತ್ತಿವೆ. ದಯವಿಟ್ಟು ಯಾರಾದರೂ ಸಾಕಿಕೊಳ್ಳಿ.’

ಇಂಗ್ಲಿಷಿನವರ ಬಳಿ ಲಕ್ಕೂ ಳಕ್ಕೂ ಇರುವುದು ಒಂದೇ ಎಲ್. ಸಾಲದ್ದಕ್ಕೆ ಆ ಜಾಣ ಫೋನು ‘ಸಾಕಿ’ ಆದ ಮೇಲೆ ತಾನಾಗಿ ಒಂದು ತೆರಪು ಬಿಟ್ಟಿತು. ಕಳಿಸಿದೆ. ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಮಧ್ಯಾಹ್ನದ ನಿದ್ದೆಗೆ ಜಾರಿದೆ.

ಎದ್ದು ನೋಡಿದರೆ ಎಂಬತ್ತಾರು ಸಂದೇಶ. ಬೀದಿಯ ಮುಕ್ಕಾಲು ಪಾಲು ಜನ ನನ್ನ ಕೊನೆಯ ಮಾತನ್ನು ‘ಸಾಕಿ, ಕೊಲ್ಲಿ’ ಎಂದು ಓದಿಕೊಂಡಿದ್ದರು. ‘ದಯವಿಟ್ಟು’ ಬೇರೆ! ಒಬ್ಬರು ‘ಕೊಲ್ಲುವುದೇ ಆದರೆ ಸಾಕುವುದೇಕೆ?’ ಎಂದು ತಾರ್ಕಿಕವಾದ ಪ್ರಶ್ನೆ ಎತ್ತಿದ್ದರು. ಮೂಲೆಮನೆ ಮೇಡಂ ನೇರವಾಗಿ ‘ತಾವು’ ತಲುಪಿದ್ದರು: ‘1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಎಂಬುದೊಂದಿದೆ, ತಮ್ಮ ಗಮನಕ್ಕೆ.’ ಬೆವರುತ್ತಾ ಹುಡುಕಿ ನೋಡಿದೆ. ಆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಮಸಾಲೆದೋಸೆಗೂ ಕಡಿಮೆ ಎಂದು ಉಸಿರು ಬಿಡುವಷ್ಟರಲ್ಲಿ, ಮಹಡಿ ಮನೆಯ ಕಾನೂನು ವಿದ್ಯಾರ್ಥಿ ಹಾಕಿದ: ‘ಭಾರತೀಯ ನ್ಯಾಯ ಸಂಹಿತೆ, ಕಲಂ 325. ಐದು ವರ್ಷದವರೆಗೆ ಜೈಲು.’ ಅದರ ಬೆನ್ನಿಗೇ ಕೇರಳ ಹೈಕೋರ್ಟ್.

ಬರೆದದ್ದನ್ನು ತಿದ್ದಲು ವಾಟ್ಸಾಪ್ ಕೊಡುವ ಗಡುವು ಹದಿನೈದು ನಿಮಿಷ. ನನ್ನ ನಿದ್ದೆ ಒಂದೂವರೆ ಗಂಟೆ. ಅಳಿಸಲು ಮಾತ್ರ ಎರಡು ದಿನಕ್ಕೂ ಮಿಕ್ಕಿ ಅವಕಾಶವಿದೆ. ಗಡಿಬಿಡಿಯಲ್ಲಿ ಅಳಿಸಿದೆ. ಆದರೆ ‘ಸಂದೇಶ ಅಳಿಸಲಾಗಿದೆ’ ಎಂಬ ಗುರುತು ಅಲ್ಲೇ ಉಳಿಯಿತು, ಗೋಡೆಯ ಮೇಲೆ ರಕ್ತ ಒರೆಸಿದ ಕಲೆಯ ಹಾಗೆ. ‘ಸಾಕ್ಷ್ಯನಾಶ!’ ಎಂದು ಮೂಲೆಮನೆ ಮೇಡಂ ಸ್ಕ್ರೀನ್‌ಶಾಟ್ ಹಾಕಿದರು. ಅದುವರೆಗೆ ಓದದವರೂ ಓದಿದರು. ಅಮೆರಿಕದವರು ಏಳುವ ಹೊತ್ತೂ ಆಗಿತ್ತು.

ಸಂಜೆಯವರೆಗೆ ಸಮಜಾಯಿಷಿ ಬರೆದೆ. ಲಕಾರ ಳಕಾರಗಳ ಭೇದ, ಸಂಯುಕ್ತ ಕ್ರಿಯಾಪದದ ನಡುವೆ ತೆರಪು ಬರಬಾರದೆಂಬ ನಿಯಮ, ಒಟ್ಟು ಮುನ್ನೂರು ಪದ. ಯಾರೂ ಓದಲಿಲ್ಲ. ಬಂದದ್ದು ಎರಡು ಹೆಬ್ಬೆರಳು. ಹೆಬ್ಬೆರಳಿನ ಅರ್ಥ ಮೇಲೆಯೇ ಹೇಳಿದ್ದೇನೆ.

ಆಗ ಕಣ್ಣಿಗೆ ಬಿದ್ದದ್ದು: ‘ರಾಯರು ಬರೆಯುತ್ತಿದ್ದಾರೆ…’ ಒಂಬತ್ತು ತಿಂಗಳ ಸೇಡು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಹೀಗಿತ್ತು:

‘ಅವರು ಬರೆದದ್ದು ಕೊಳ್ಳಿ, ಳ ಅಕ್ಷರದ್ದು. ಕೊಲ್ಲುವ ಪೈಕಿ ಅಲ್ಲ ಅವರು. ಹೋದ ಶ್ರಾವಣದಲ್ಲಿ ಮನೆಯವರು ತವರಿಗೆ ಹೋಗಿದ್ದಾಗ ಬಚ್ಚಲಲ್ಲಿ ಜಿರಳೆ ಬಂತು ಅಂತ ರಾತ್ರಿ ಹತ್ತೂವರೆಗೆ ಟವೆಲ್ ಸುತ್ತಿಕೊಂಡು ನಮ್ಮ ಮನೆಗೆ ಓಡಿ ಬಂದರು. ನಾನೇ ಹೋಗಿ ಚಪ್ಪಲಿಯಲ್ಲಿ ಹೊಡೆದೆ. ಸತ್ತ ಜಿರಳೆಯನ್ನು ನೋಡಿ “ಪಾಪ” ಅಂದರು.’

ಎರಡು ನಿಮಿಷ ಗುಂಪು ಮೌನ. ಆಮೇಲೆ ನಗುವ ಮುಖಗಳು ಶುರುವಾದವು, ಹತ್ತು, ಇಪ್ಪತ್ತು, ನಲವತ್ತು. ಮೂಲೆಮನೆ ಮೇಡಂ ‘ಸಾರಿ ರೀ, ತಪ್ಪು ತಿಳಿದೆ’ ಎಂದು ‘ತಾವು’ನಿಂದ ನೇರ ‘ರೀ’ಗೆ ಇಳಿದರು. ಧಾರವಾಡದ ಸಾಹೇಬರು ‘ಜಿರಳಿಗೆ ಹೆದರ್ತೀರೇನ್ರಿ?’ ಎಂದರು. ನಾನು ನಿರ್ದೋಷಿಯಾದೆ. ಮಾನ ಮಾತ್ರ ಜಪ್ತಿಯಾಯಿತು.

ಅವಮಾನದಿಂದ ಕುದಿಯುತ್ತಾ ಹೆಂಡತಿಗೆ ತೋರಿಸೋಣವೆಂದರೆ ಅವಳು ಮನೆಯಲ್ಲಿರಲಿಲ್ಲ. ಕೈಯಲ್ಲಿ ಸಣ್ಣ ಸ್ಟೀಲ್ ಬಟ್ಟಲು ಹಿಡಿದು ಎದುರು ಗೇಟಿನಿಂದ ಬರುತ್ತಿದ್ದಳು.

‘ಎಲ್ಲಿಗೆ ಹೋಗಿದ್ದೆ?’

‘ಹೆಪ್ಪು ಇರ್ಲಿಲ್ಲ, ರಾಯರ ಮನೆಯಿಂದ ತಂದೆ.’

‘ಅವರ ಮನೆಯಿಂದಾನಾ? ನಮಗೂ ಅವರಿಗೂ ಮಾತಿಲ್ಲ, ಗೊತ್ತಿಲ್ವಾ ನಿನಗೆ?’

‘ನಿಮಗೆ ಇಲ್ಲ. ನಮ್ಮ ಮನೆ ಮೊಸರು ಕೆಟ್ಟಾಗೆಲ್ಲ ಅವರ ಮನೆ ಹೆಪ್ಪೇ. ಮಾರ್ಚ್‌ನಿಂದ ಎಷ್ಟು ಸಲ ತಂದಿದೀನೋ ಲೆಕ್ಕ ಇಟ್ಟಿಲ್ಲ. ನೀವೇ ತಾನೆ ದಿನಾ ಎರಡು ಸಲ ಹಾಕಿಸ್ಕೊಂಡು ತಿಂತೀರಾ?’

ಅಂದರೆ ಒಂಬತ್ತು ತಿಂಗಳು ನಾನು ವೈರಿಯ ಮನೆಯ ಹೆಪ್ಪಿನ ಮೊಸರನ್ನ ಉಂಡು, ಬಾಯಿ ಒರೆಸಿಕೊಂಡು, ಸೋಫಾದಲ್ಲಿ ಕೂತು, ಅದೇ ಮೊಸರಲ್ಲಿ ಕಲ್ಲು ಹುಡುಕುತ್ತಿದ್ದೆ.

ಅವತ್ತು ರಾತ್ರಿ ಹಾಸಿಗೆಯಲ್ಲಿ ಬಹಳ ಯೋಚಿಸಿದೆ. 136 ಜನಕ್ಕೆ ನನ್ನ ಬಗ್ಗೆ ಗೊತ್ತಿದ್ದದ್ದು ಎರಡು ಎಲ್ ಮಾತ್ರ. ಅಷ್ಟರಿಂದಲೇ ನನಗೆ ಐದು ವರ್ಷ ವಿಧಿಸಿಬಿಟ್ಟರು. ಅವರದೇನೂ ತಪ್ಪಿಲ್ಲ, ನಾನೂ ಒಂದು ಫೋಟೊ ನೋಡಿ ರಾಯರಿಗೆ ಐದು ಸಾವಿರ ವಿಧಿಸಿದವನೇ. ನನ್ನನ್ನು ಬಿಡಿಸಿದ್ದು ವ್ಯಾಕರಣವಲ್ಲ, ಜಿರಳೆ. ನಮ್ಮ ಪುಕ್ಕಲುತನ ಗೊತ್ತಿರುವ ಒಬ್ಬನಾದರೂ ಗುಂಪಿನಲ್ಲಿ ಇರಬೇಕು ಎಂಬುದು ಆ ದಿನದ ನನ್ನ ತೀರ್ಮಾನ. ಮರುದಿನ ಒಂದು ಸಾಲು ಹಾಕಿದೆ, ಕನ್ನಡದಲ್ಲೇ: ‘ರಾಯರೇ, ಮಾರ್ಚಿನ ನೀರು ನಮ್ಮದೇ.’ ಬಂದ ಉತ್ತರ: ‘ಗೊತ್ತು ಸ್ವಾಮಿ. ಇವತ್ತಿನದ್ದೂ ನಿಮ್ಮದೇ, ಮೋಟಾರ್ ಆಫ್ ಮಾಡಿ.’

ಮೂರು ಮರಿಗಳಿಗೆ ಮನೆ ಸಿಕ್ಕಿತು, ಒಂದು ಮೂಲೆಮನೆ ಮೇಡಂ ಪಾಲಾಯಿತು. ನಾಲ್ಕನೆಯದು, ಕರಿ ಬಣ್ಣದ್ದು, ಹಗಲು ರಾಯರ ಕಾರಿನ ಅಡಿಯಲ್ಲೂ ರಾತ್ರಿ ನಮ್ಮ ಗೇಟಿನಲ್ಲೂ ಇರುತ್ತದೆ. ಬೀದಿಯ ಮಕ್ಕಳು ಅದಕ್ಕೆ ಕಾಳ ಎಂದು ಹೆಸರಿಟ್ಟಿದ್ದಾರೆ. ಬಡಾವಣೆಯವರಲ್ಲಿ ನನ್ನದೊಂದೇ ವಿನಂತಿ: ಆ ನಾಯಿಯ ಸುದ್ದಿ ಬರೆಯುವಾಗ ಮಾತ್ರ ದಯವಿಟ್ಟು ಕನ್ನಡ ಅಕ್ಷರದಲ್ಲೇ ಬರೆಯಿರಿ. ಮೊನ್ನೆ ಯಾರೋ ಇಂಗ್ಲಿಷಿನಲ್ಲಿ ಹಾಕಿದ್ದನ್ನು ಹತ್ತೊಂಬತ್ತನೇ ನಂಬರಿನ ಎಂಬತ್ತೆರಡರ ತಾತ ‘ಕಾಲ ನಿಮ್ಮ ಮನೆ ಬಾಗಿಲಲ್ಲಿ ಮಲಗಿದ್ದಾನೆ, ಎಬ್ಬಿಸಬೇಡಿ’ ಎಂದು ಓದಿಕೊಂಡು, ಊರಿಂದ ಮಕ್ಕಳನ್ನೆಲ್ಲ ಕರೆಸಿಕೊಂಡಿದ್ದಾರೆ.