ಮುಚ್ಚುವುದಿಲ್ಲ, ವಿಲೀನ ಮಾತ್ರ!

ಸರ್ಕಾರ ಒಂದೇ ಒಂದು ಶಾಲೆಯನ್ನೂ ಮುಚ್ಚುವುದಿಲ್ಲವಂತೆ. ಬರೀ ವಿಲೀನವಂತೆ. ಬಾಗಿಲಿಗೆ ಬೀಗ ಬೀಳುತ್ತದೆ, ಬಿಸಿಯೂಟದ ಪಾತ್ರೆ ಪಕ್ಕದೂರಿಗೆ ಹೋಗುತ್ತದೆ, ಜಗಲಿಯಲ್ಲಿ ಹೋರಿ ಕಟ್ಟುತ್ತಾರೆ. ಆದರೂ ಮುಚ್ಚಿಲ್ಲ.

ಕಾರಣ? ಮಕ್ಕಳಿಲ್ಲ. ಕೊಠಡಿ ಹೆಚ್ಚಾಯಿತು, ಬೆಂಚು ಹೆಚ್ಚಾಯಿತು, ಶಿಕ್ಷಕರೂ ‘ಹೆಚ್ಚುವರಿ’. ಅದೇ ಶಿಕ್ಷಣ ಇಲಾಖೆ ವರ್ಷವರ್ಷವೂ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ಹುಡುಕುತ್ತದೆ. ಹೆಚ್ಚುವರಿಯೂ ಉಂಟು, ಕೊರತೆಯೂ ಉಂಟು. ಲೆಕ್ಕದ ಮೇಷ್ಟ್ರನ್ನು ಕೇಳೋಣವೆಂದರೆ ಅವರು ಸಮೀಕ್ಷೆಗೆ ಹೋಗಿದ್ದಾರೆ.

ಮಕ್ಕಳು ಎಲ್ಲಿಗೆ ಹೋದರು? ಪತ್ತೇದಾರರೇನೂ ಬೇಡ. ಸರ್ಕಾರಿ ಶಾಲೆಯ ಎದುರಿಗೇ ಖಾಸಗಿ ಶಾಲೆಗೆ ಅನುಮತಿ ಕೊಟ್ಟದ್ದು ಇದೇ ಇಲಾಖೆ. 2012ರಿಂದ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಹೆಸರಲ್ಲಿ ಕಾಲು ಭಾಗ ಸೀಟಿನ ಶುಲ್ಕ ತಾನೇ ಕಟ್ಟಿ, ಬಡವರ ಮಕ್ಕಳನ್ನು ಆ ಗೇಟಿನೊಳಗೆ ಬಿಟ್ಟು ಬಂದದ್ದೂ ಇದೇ ಸರ್ಕಾರ. ಎಚ್ಚರವಾದದ್ದು 2019ರಲ್ಲಿ. ಹತ್ತಿರ ಸರ್ಕಾರಿ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ ಎಂದು ನಿಯಮ ತಿದ್ದಿದರು. ಈಗ ಆ ಹತ್ತಿರದ ಶಾಲೆಗೇ ಸಂಚಕಾರ. ಮುಂದೇನು, ಮತ್ತೆ ಖಾಸಗಿಯವರಿಗೆ ಶುಲ್ಕ ಕಟ್ಟುತ್ತಾರೋ?

ಇಲ್ಲ, ಮದ್ದು ಸಿಕ್ಕಿದೆ: ಸುತ್ತಲಿನ ಸಣ್ಣ ಶಾಲೆಗಳನ್ನು ಸೇರಿಸಿಕೊಳ್ಳುವ ಕೆಪಿಎಸ್. 2025ರ ಬಜೆಟ್‌ನಲ್ಲಿ 500 ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ 2,500 ಕೋಟಿ, ಅದೂ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಲ್ಲಿ. ಶೌಚಾಲಯಕ್ಕೊಂದು ಬಾಗಿಲು ಹಾಕಿಸಿ ಎಂದು ಊರಿನ ಶಾಲಾಭಿವೃದ್ಧಿ ಸಮಿತಿಯವರು ಅರ್ಜಿ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅಲೆಯುವಾಗ ಮಾತ್ರ ಅನುದಾನ ಇರುವುದಿಲ್ಲ.

ವಿಲೀನವಾದರೆ ಮಕ್ಕಳಿಗೆ ಶಾಲೆ ದೂರವಾಗುತ್ತದಲ್ಲ? ಬಸ್ ಬಿಡುತ್ತಾರಂತೆ. ಬೆಂಗಳೂರಿನಲ್ಲಿ ಕೂತು ನಕ್ಷೆ ನೋಡುವವರಿಗೆ ಮಲೆನಾಡಿನ ಐದು ಕಿಲೋಮೀಟರ್ ಎಂದರೆ ಬರೀ ಐದು ಕಿಲೋಮೀಟರ್. ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ, ಆಷಾಢದಲ್ಲಿ ಅದರ ಮೇಲೆ ಅಂಗುಲ ಪಾಚಿ. ಅದರ ಮೇಲೆ ಬಸ್ ಹೇಗೆ ಹೋಗುತ್ತದೋ, ಯೋಜನೆ ಬರೆದವರೇ ಓಡಿಸಿ ತೋರಿಸಲಿ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೇ ತರಗತಿಯ ಹುಡುಗಿ ಇಂಥದ್ದೇ ಸಂಕದಿಂದ ಜಾರಿ ನೀರುಪಾಲಾದಳು. ಕಡತದಲ್ಲಿ ಹಳ್ಳಕ್ಕೆ ಕಾಲಂ ಇಲ್ಲ.

ವಿಲೀನದ ಕಡತಕ್ಕೆ ಸಹಿ ಹಾಕುವವರ ಮನೆಯಲ್ಲಿ ಈ ಚಿಂತೆಯಿಲ್ಲ. ಅವರ ಮಕ್ಕಳ ಶಾಲೆಯ ಬಸ್ಸು ಗೇಟಿಗೇ ಬಂದು ಹಾರ್ನ್ ಹೊಡೆಯುತ್ತದೆ. ನವೆಂಬರ್ 1 ಬಂದರೆ ಇವರೇ ಶಲ್ಯ ಹೊದ್ದು ‘ಕನ್ನಡ ಶಾಲೆ ಉಳಿಸಿ’ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಬಿಸಿಲಲ್ಲಿ ಸಾಲಾಗಿ ನಿಂತು ಬಾವುಟ ಆಡಿಸಲು ಸರ್ಕಾರಿ ಶಾಲೆಯ ಮಕ್ಕಳೇ ಬೇಕು. ಅವತ್ತು ಮೇಷ್ಟ್ರಿಗೆ ಫೋನ್ ಬರುತ್ತದೆ: ಮಕ್ಕಳು ಸಾಲುವುದಿಲ್ಲ, ಇನ್ನೊಂದಿಪ್ಪತ್ತು ಕರೆತನ್ನಿ.