ಇಚ್ಛಾಸ್ವಾತಂತ್ರ್ಯ: ಬಳಸುವ ಮುನ್ನ ಓದಿರಿ

ಈ ಉಪಕರಣ ಹುಟ್ಟುವಾಗಲೇ ಅಳವಡಿಸಿ ಬಂದಿದೆ. ವಾಪಸ್ ಪಡೆಯುವುದಿಲ್ಲ.

ಪರೀಕ್ಷಿಸುವ ಬಗೆ: ಸಂಜೆ ಹೊತ್ತು ಚೆನ್ನೈನ ಪೋರೂರು ಜಂಕ್ಷನ್ನಿನಲ್ಲಿ ನಿಲ್ಲಿ. ಆರ್ಕಾಟ್ ರಸ್ತೆಯಲ್ಲಿ ವಡಪಳನಿಗೋ, ಪೂನಮಲ್ಲಿಗೋ, ಕುಂದ್ರತ್ತೂರಿಗೋ? ಆಯ್ಕೆ ನಿಮ್ಮದೇ. ಶೇರ್ ಆಟೊದವರು ‘ವಾಂಗ, ವಾಂಗ’ (ಬನ್ನಿ, ಬನ್ನಿ) ಎನ್ನುತ್ತಿದ್ದಂತೆ ಹಿಂದಿನವರ ನೂಕಿಗೆ ನೀವು ಒಳಗೆ ಬಿದ್ದರೆ ಕಂಪನಿ ಹೊಣೆಯಲ್ಲ.

ಹಳೆಯ ಮಾದರಿಯಾದ ವಿಧಿಯೇ ಬೇಕೆನ್ನುವವರಿಗೆ ಊರಲ್ಲೇ ವ್ಯವಸ್ಥೆಯಿದೆ. ಪೋರೂರಿನ ರಾಮನಾಥೇಶ್ವರ ದೇವಸ್ಥಾನ ಗುರುವಿನ ಕ್ಷೇತ್ರ. ಕೋವೂರು ಬುಧನದು, ಮಾಂಗಾಡು ಶುಕ್ರನದು, ಕುಂದ್ರತ್ತೂರು ರಾಹುವಿನದು. ಹೀಗೆ ಒಂಬತ್ತು ಗ್ರಹಗಳ ಕ್ಷೇತ್ರಗಳನ್ನೂ ಒಂದೇ ದಿನ ಸುತ್ತಿ ಬರುವವರಿದ್ದಾರೆ. ಗ್ರಹಗತಿ ತಪ್ಪದು ಎನ್ನುವವರೇ ಅದನ್ನು ತಪ್ಪಿಸಲು ವ್ಯಾನು ಗೊತ್ತು ಮಾಡುತ್ತಾರೆ! ನನಗೆ ಇದರಲ್ಲಿ ತಕರಾರಿಲ್ಲ. ವಿಧಿಯ ಜೊತೆ ಚೌಕಾಸಿಗಾದರೂ ಜಾಗವಿದೆ. ಗಣಿತಜ್ಞ ಲಾಪ್ಲಾಸ್‌ನ 1814ರ ಮಾದರಿಯಲ್ಲಿ ಅದೂ ಇಲ್ಲ. ಪ್ರತಿ ಕಣದ ಸ್ಥಿತಿ, ಅದರ ಮೇಲಿನ ಬಲ ಬಲ್ಲ ಬುದ್ಧಿಗೆ ನಾಳೆಯೂ ನಿನ್ನೆಯಷ್ಟೇ ನಿಚ್ಚಳ.

1927ರಲ್ಲಿ ಭೌತವಿಜ್ಞಾನಿ ಹೈಸೆನ್‌ಬರ್ಗ್ ಇದಕ್ಕೆ ಅಡ್ಡಗಾಲು ಹಾಕಿದರು: ಕಣದ ಸ್ಥಾನ, ಸಂವೇಗ ಎರಡೂ ಒಟ್ಟಿಗೆ ನಿಖರವಾಗಿ ಸಿಗವು. ಎರಡು ವರ್ಷದ ಬಳಿಕ ಅವರು ಮದ್ರಾಸಿಗೇ ಬಂದಾಗ ಊರು ಸುತ್ತಿಸಿದ್ದು ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ ಎಸ್. ಚಂದ್ರಶೇಖರ್.

ಎಚ್ಚರಿಕೆ: ಅನಿಶ್ಚಿತತೆ ಸಿಕ್ಕ ಮಾತ್ರಕ್ಕೆ ಸ್ವಾತಂತ್ರ್ಯ ಸಿಕ್ಕಿತೆಂದು ಹಿಗ್ಗಬೇಡಿ. ರೇಡಿಯಂನ ಒಂದು ಪರಮಾಣು ಯಾವಾಗ ಒಡೆಯುತ್ತದೋ ಯಾರೂ ಹೇಳಲಾರರು. ಆದರೆ ರಾಶಿಯಲ್ಲಿ ಅರ್ಧ ಸುಮಾರು 1600 ವರ್ಷಕ್ಕೆ ಕರಗುತ್ತದೆ. ಮಿದುಳಿನಲ್ಲೂ ಹೀಗೇ ದಾಳ ಉರುಳಿದರೆ ಆಯ್ಕೆ ದಾಳದ್ದಾಯಿತು, ನಿಮ್ಮದೇನು ಬಂತು?

ದುರಸ್ತಿ: ‘ಎಲ್ಲ ಮಳೆಯ ಕೈವಾಡ’ ಎಂಬ ಸದ್ದು ಬಂದರೆ ಉಪಕರಣ ಕೆಟ್ಟಿದೆ ಎಂದರ್ಥ. ಮೋಡಗಳಿಗೆ ಕಟ್ಟುನಿಟ್ಟಿನ ನಿಯಮಗಳಿವೆ. ಆದರೂ ಆರಂಭದ ಎಳ್ಳಷ್ಟು ವ್ಯತ್ಯಾಸ ಬೆಳೆದು ಲೆಕ್ಕವನ್ನೇ ಕೆಡಿಸಬಲ್ಲದು ಎಂದು ಹವಾಮಾನ ವಿಜ್ಞಾನಿ ಲೊರೆನ್ಜ್ 1963ರಲ್ಲೇ ತೋರಿಸಿದರು. ಹಾಗಾಗಿ ಮುನ್ಸೂಚನೆಯಲ್ಲಿ ಸಿಗುವುದು ಸಾಧ್ಯತೆ ಮಾತ್ರ. 2015ರ ಡಿಸೆಂಬರ್ 1ರಂದು ಬಹುತೇಕ ತುಂಬಿದ್ದ ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯೂಸೆಕ್ ನೀರು ಅಡ್ಯಾರ್ ನದಿಗೆ ಹರಿಯಿತು, ದಡದ ಮನೆಗಳು ಮುಳುಗಿದವು. ಮಳೆ ತಂದದ್ದು ಪ್ರಕೃತಿ. ಕೆರೆಯ ಗೇಟನ್ನು ಯಾವಾಗ, ಎಷ್ಟು ಎತ್ತಬೇಕೆಂಬುದನ್ನು ಶನಿಯೂ ಎಲೆಕ್ಟ್ರಾನೂ ತೀರ್ಮಾನಿಸಲಿಲ್ಲ. ಮನುಷ್ಯರೇ ತೀರ್ಮಾನಿಸಬೇಕಿತ್ತು, ಅದೂ ಅರೆಬರೆ ಮಾಹಿತಿಯಲ್ಲಿ. ಈ ಉಪಕರಣಕ್ಕೆ ಇರುವ ಕೆಲಸವೇ ಅದು.

ಅಕ್ಟೋಬರಿಗೆ ಹಿಂಗಾರು ಶುರು. ನೆಲಮಾಳಿಗೆಯಲ್ಲಿ ನಿಲ್ಲಿಸಿರುವ ಸ್ಕೂಟರನ್ನು ದಯವಿಟ್ಟು ಅದಕ್ಕೂ ಮೊದಲೇ ಮೇಲೆ ತನ್ನಿ.